ಚಿಪ್ಪಿಲ್ಲದ ಮೊಟ್ಟೆ



1960ರ ದಶಕದ ಕೊನೆಯ ವರ್ಷಗಳು. ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ನಮ್ಮದು ಅಂಗಡಿಸಾಲಿನ ಹಿಂದಣ ಮನೆ. ಮುಂದೆ ಸಗಟು ವ್ಯಾಪಾರದ ಗದ್ದಲ. ಹಿಂದೆ ಮೊಳದಗಲದ ಹಿತ್ತಲು. ನೆರೆಮನೆಯ ಅಜ್ಜಿ ಅಲ್ಲಿ ಒಂದು ಕೋಳಿಯನ್ನು ಸಾಕಿದ್ದರು. ಒಂದು ಮುಂಜಾನೆ ಅದು ಚಿಪ್ಪೇ ಇಲ್ಲದ ಮೊಟ್ಟೆಯನ್ನಿಟ್ಟಿತು. ತೊಗಲಿನ ಚೀಲದಂತೆ ಮೆತ್ತಗಿದ್ದ ಅದನ್ನು ಕಂಡವರೆಲ್ಲ ಅಪಶಕುನವೆಂದರು. ಮರುವಾರ ಅಂಥದೇ ಮತ್ತೊಂದು. ‘ಮಗೂ, ಇದನ್ನು ಮಾರ್ಕೆಟ್ಟಿಗೆ ಒಯ್ದು ಕೊಟ್ಟು ಬಾರಪ್ಪ’ ಎಂದರು ಅಜ್ಜಿ, ಮುಖ ತಿರುಗಿಸಿಕೊಂಡು. ಕಂಕುಳಲ್ಲಿ ಅದರ ಬಿಸುಪನ್ನು ಹೊತ್ತು ನಡೆದವನು ನಾನೇ.

ಬಹಳ ವರ್ಷಗಳ ಮೇಲೆ ಪ್ರಾಣಿಶಾಸ್ತ್ರದ ಪಠ್ಯವೊಂದರ ಕನ್ನಡವನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತು. ‘ಅಂಡನಾಳ’ ಎಂಬ ಮಾತಿನ ಬಳಿ ಲೇಖನಿ ತಡೆಯಿತು. ನಾಳವೆಂದರೆ ತಾವರೆಯ ದಂಟು, ಟೊಳ್ಳು ಕೊಳವೆ. ಮೊಟ್ಟೆ ಅದರೊಳಗೆ ಸುಮ್ಮನೆ ಜಾರಿ ಬರುವುದೆಂದು ಓದುವ ಹುಡುಗನಿಗೆ ತೋರುವುದು ಸಹಜ. ಸಂಗತಿ ಹಾಗಿಲ್ಲ. ಕೋಳಿಯ ಅಂಡಾಶಯದಿಂದ ಕಳಚಿಕೊಳ್ಳುವುದು ಹಳದಿಯ ಉಂಡೆ ಮಾತ್ರ. ನಾಳದ ಅರಳಿದ ಬಾಯಿ ಅದನ್ನು ಹಿಡಿದುಕೊಳ್ಳುತ್ತದೆ. ಹುಂಜದ ವೀರ್ಯಾಣು ಅದನ್ನು ಕೂಡುವುದೂ ಅಲ್ಲಿಯೇ. ಮುಂದಿನ ಭಾಗದಲ್ಲಿ ಸುಮಾರು 3 ಗಂಟೆ ಇದ್ದು ಬಿಳಿಯ ಲೋಳೆಯನ್ನು ಪಡೆಯುತ್ತದೆ. ಆಮೇಲೆ ಗಂಟೆಗೆ ತುಸು ಮೇಲ್ಪಟ್ಟ ಹೊತ್ತಿನಲ್ಲಿ ಎರಡು ತೆಳುಪೊರೆಗಳನ್ನು ಉಡುತ್ತದೆ. ಮುಂದಿನ ಸುಮಾರು 20 ಗಂಟೆಗಳೂ ಚಿಪ್ಪಿನ ಕೆಲಸಕ್ಕೇ ಮೀಸಲು. ಇಷ್ಟನ್ನೂ ಮಾಡುವುದು ಎಡಗಡೆಯ ನಾಳವೊಂದೇ. ಬಲಗಡೆಯದು ಬೆಳೆಯದೆ ಕುರುಹಾಗಿ ಉಳಿದುಬಿಡುತ್ತದೆ.

ಸ್ತ್ರೀಯರಲ್ಲಿನ ಈ ಅಂಗವನ್ನು ವರ್ಣಿಸಿದ ಇಟಲಿಯ ವೈದ್ಯ ಫಾಲೋಪ್ಪಿಯೊ 1561ರ ತನ್ನ ಗ್ರಂಥದಲ್ಲಿ ಅದನ್ನು ಕಹಳೆಗೆ ಹೋಲಿಸಿದ್ದ. ಲ್ಯಾಟಿನ್ನಿನಲ್ಲಿ ‘ಟ್ಯೂಬಾ’ ಎಂದರೆ ಕಹಳೆ. ಇಂಗ್ಲಿಷಿನಲ್ಲಿ ಅದು ‘ಟ್ಯೂಬ್’ ಆಯಿತು, ನಮ್ಮಲ್ಲಿ ನಾಳವಾಯಿತು. ಅರಳಿದ ಬಾಯಿ ಎಲ್ಲಿಯೋ ಕಳೆದುಹೋಯಿತು. ಪಠ್ಯದಲ್ಲಿ ನಾನು ಆ ಮಾತನ್ನು ಬದಲಿಸಲಿಲ್ಲ. ರೂಢಿಯ ಮುಂದೆ ಕನ್ನಡ ಮೇಷ್ಟರು ಏನು ಮಾಡಿಯಾರು!

ಆದರೆ ಚಿಪ್ಪಿನ ಪ್ರಕರಣವನ್ನು ಓದುತ್ತಿದ್ದಂತೆ ಅಜ್ಜಿಯ ಕೋಳಿ ನೆನಪಾಯಿತು. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವು ಸಾಲದೆ ಹೋದರೆ ಕೋಳಿ ತನ್ನ ಮೂಳೆಯನ್ನೇ ಕರಗಿಸಿ ಕೊಡುತ್ತದೆ. ವರ್ಷಕ್ಕೆ 300ರ ಸನಿಹ ಮೊಟ್ಟೆಯಿಡುವ ಇಂದಿನ ಫಾರಂ ಕೋಳಿಗಳ ಎಲುಬು ಸುಲಭವಾಗಿ ಮುರಿಯುವುದಕ್ಕೆ ಇದೂ ಒಂದು ಕಾರಣ. ಕೊಡಲು ಏನೂ ಉಳಿಯದಿದ್ದಾಗ ಮೊಟ್ಟೆ ಬರಿಯ ಪೊರೆಯನ್ನು ಹೊದ್ದು ಹೊರಬೀಳಬಹುದು. ರೋಗದಿಂದಲೂ ಬೆದರಿಕೆಯಿಂದಲೂ ಹಾಗಾಗುವುದುಂಟು. ಮಾಮೂಲ್‌ಪೇಟೆಯ ಕೈಗಾಡಿಗಳ ಸದ್ದಿಗೆ ಬೆದರದ ಕೋಳಿ ಯಾವುದು? ಆದರೂ ಅದಕ್ಕೆ ಸಿಕ್ಕುತ್ತಿದ್ದ ಮೇವು ಅಕ್ಕಿನುಚ್ಚು, ಉಳಿದ ಅನ್ನ, ಇಷ್ಟೇ ಎಂಬುದನ್ನು ನಾನು ಬಲ್ಲೆ.

ಪಶುವೈದ್ಯ ಗೆಳೆಯರೊಬ್ಬರಲ್ಲಿ ಈ ಕಥೆಯನ್ನು ಹೇಳಿದೆ. ‘ಹಳೆಯ ಮೊಟ್ಟೆಗಳ ಚಿಪ್ಪನ್ನೇ ಒಣಗಿಸಿ, ಪುಡಿಮಾಡಿ ಮೇವಿಗೆ ಬೆರೆಸಬಹುದಾಗಿತ್ತಲ್ಲ ಸ್ವಾಮಿ’ ಎಂದರು ಅವರು. ಅಜ್ಜಿ ಆ ಚಿಪ್ಪುಗಳನ್ನು ಒಂದೂ ಬಿಡದೆ ಕೂಡಿಡುತ್ತಿದ್ದರು, ತಗಡಿನ ಡಬ್ಬದಲ್ಲಿ ನೆಟ್ಟಿದ್ದ ಗುಲಾಬಿಯ ಬುಡಕ್ಕೆ ಹಾಕಲೆಂದು.