ಹೊಸಬರನ್ನು ‘ಪಳಗಿಸುವ’ ಹಳೆಯ ಚಟ

(ಯಲಹಂಕದ ಕಾಲೇಜೊಂದರಲ್ಲಿ ಮೊದಲ ವರ್ಷದ ತರಗತಿಗಳು ಆರಂಭವಾದ ಸಂದರ್ಭದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಇಲ್ಲಿ ಕುಳಿತಿರುವ ಕೊನೆಯ ವರ್ಷದವರಿಗಿಂತ ನಾನು ನಾಲ್ಕೈದು ವರ್ಷ ದೊಡ್ಡವನಷ್ಟೆ. ಉಪದೇಶ ಮಾಡುವ ವಯಸ್ಸು ನನ್ನದಲ್ಲ. ಎಲ್ಲಿ, ಯಾವಾಗ, ಏನಾಯಿತು ಎಂದು ಹೇಳುವುದು ವರದಿಗಾರನ ಕೆಲಸ. ರ‍್ಯಾಗಿಂಗ್ ವಿಚಾರದಲ್ಲೂ ಅಷ್ಟನ್ನೇ ಮಾಡುತ್ತೇನೆ.

ಇದು ಇತ್ತೀಚಿನ ಪಿಡುಗು, ಸಿನಿಮಾದಿಂದ ಬಂದದ್ದು ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ನಾಲ್ಕನೇ ಶತಮಾನದ ಅಥೆನ್ಸಿನಲ್ಲೇ ಇದು ಇತ್ತು. ಊರಿಗೆ ಬಂದ ಹೊಸ ವಿದ್ಯಾರ್ಥಿಯನ್ನು ಹಳಬರು ಮೆರವಣಿಗೆಯಲ್ಲಿ ಸ್ನಾನಗೃಹಕ್ಕೆ ಕರೆದೊಯ್ಯುತ್ತಿದ್ದರು. ಬಾಗಿಲ ಬಳಿ ಕಿರುಚಿ, ಕುಣಿದು, ಕದ ಬಡಿದು ಅವನನ್ನು ಹೆದರಿಸಿ, ಕೊನೆಗೆ ಒಳಗೆ ಬಿಡುತ್ತಿದ್ದರು. ಅಲ್ಲಿಂದ ಹೊರಬಂದವನು ಅವರಿಗೆ ಸಮಾನ. ಮುಂದೆ ಕ್ರೈಸ್ತ ಸಂತರಾದ ಗ್ರೆಗೊರಿ ಮತ್ತು ಬೇಸಿಲ್ ಅಲ್ಲಿ ಓದಿದವರು. ಬೇಸಿಲ್ ಗಂಭೀರ ಸ್ವಭಾವದವನು, ಅವನಿಗೆ ಇದು ಬೇಡ ಎಂದು ಗ್ರೆಗೊರಿ ಉಳಿದವರನ್ನು ಒಪ್ಪಿಸಿ ಪಾರು ಮಾಡಿದನಂತೆ. ಅವರಿಬ್ಬರ ಸ್ನೇಹ ಗಟ್ಟಿಯಾದದ್ದು ಅಲ್ಲಿಂದಲೇ. ಮೊದಲೇ ಬಂದವನೊಬ್ಬ ‘ಇವನನ್ನು ಬಿಡಿ’ ಎಂದ, ಉಳಿದವರು ಬಿಟ್ಟರು. ಈ ಭಾಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲ ಕಡೆಯೂ ಅಷ್ಟಕ್ಕೇ ನಿಲ್ಲಲಿಲ್ಲ. ಕ್ರಿ.ಶ. 533ರಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಕಾನೂನು ವ್ಯಾಸಂಗದ ಬಗ್ಗೆ ಒಂದು ಶಾಸನ ಹೊರಡಿಸಿದ. ಕಾನ್‌ಸ್ಟಾಂಟಿನೋಪಲ್ ಮತ್ತು ಬೈರೂತ್ ನಗರಗಳ ವಿದ್ಯಾರ್ಥಿಗಳು ಹೊಸಬರ ಮೇಲೆ ಹೀನವಾದ ಆಟಗಳನ್ನು ಆಡಕೂಡದು ಎಂಬ ನಿಷೇಧ ಅದರಲ್ಲಿದೆ. ಮೇಲ್ವಿಚಾರಣೆಯ ಹೊಣೆ ಬೈರೂತಿನಲ್ಲಿ ಪ್ರಾಂತಾಧಿಕಾರಿ, ಬಿಷಪ್ ಮತ್ತು ಅಧ್ಯಾಪಕರದು. ಅಂದರೆ ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆಯೇ ಒಂದು ‘ರ‍್ಯಾಗಿಂಗ್ ವಿರೋಧಿ ಸಮಿತಿ’! ಮಧ್ಯಯುಗದ ಪ್ಯಾರಿಸ್ಸಿನಲ್ಲಿ ಹೊಸ ವಿದ್ಯಾರ್ಥಿಗೆ ‘ಹಳದಿ ಕೊಕ್ಕಿನವನು’ ಎಂಬ ಅಡ್ಡಹೆಸರಿತ್ತು. ಜರ್ಮನಿಯಲ್ಲಿ ಅವನ ತಲೆಗೆ ಕೊಂಬು ಕಟ್ಟಿ, ಅದನ್ನು ಕತ್ತರಿಸಿ, ‘ಮೃಗ ಹೋಯಿತು, ಮನುಷ್ಯ ಬಂದ’ ಎಂಬ ಪ್ರಹಸನ ನಡೆಸುತ್ತಿದ್ದರು. ಹದಿನೇಳನೇ ಶತಮಾನದ ಹೊತ್ತಿಗೆ ಪ್ರಹಸನ ಹೋಗಿ, ಹೊಸಬರ ಬಟ್ಟೆ ಹಣ ಕಿತ್ತುಕೊಳ್ಳುವುದು, ಅವರಿಂದ ಆಳಿನಂತೆ ಚಾಕರಿ ಮಾಡಿಸುವುದು ಉಳಿಯಿತು. ನಮ್ಮಲ್ಲಿಗೆ ಈ ಪದ್ಧತಿಯೂ ಹೆಸರೂ ಬಂದದ್ದು ಇಂಗ್ಲಿಷರ ವಿದ್ಯಾಸಂಸ್ಥೆಗಳಿಂದ.

ಅಷ್ಟು ದೀರ್ಘಕಾಲ ಬದುಕಿರುವುದಕ್ಕೆ ಕಾರಣ ಸರಳ. ‘ನಾವೂ ಅನುಭವಿಸಿದ್ದೇವೆ, ಇವರೂ ಅನುಭವಿಸಲಿ.’ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವುದಿಲ್ಲವೇ? ಕಾಲೇಜಿನಲ್ಲಿ ಸೊಸೆ ಅತ್ತೆಯಾಗಲು ಒಂದೇ ವರ್ಷ ಸಾಕು.

ಆಟ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಮೂರು ಘಟನೆಗಳನ್ನು ಹೇಳುತ್ತೇನೆ. 1996ರ ನವೆಂಬರಿನಲ್ಲಿ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಕೊಲೆಯಾಯಿತು. ಮರುವರ್ಷವೇ ಆ ರಾಜ್ಯ ಪ್ರತ್ಯೇಕ ಕಾಯ್ದೆ ತಂದಿತು. 2009ರ ಮಾರ್ಚ್ 8ರಂದು ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜಿನಲ್ಲಿ ಹಿರಿಯರ ಹೊಡೆತಕ್ಕೆ ಅಮನ್ ಕಚ್ರೂ ಎಂಬ ಹುಡುಗ ಸತ್ತ. ಮೂರನೆಯದು ನಮ್ಮದೇ ಕಲಬುರಗಿಯದು. 2016ರ ಮೇ ತಿಂಗಳಲ್ಲಿ ಕೇರಳದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳಿಗೆ ಹಿರಿಯ ವಿದ್ಯಾರ್ಥಿನಿಯರು ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದರೆಂಬ ದೂರು. ವಿದ್ಯಾರ್ಥಿನಿಯರ ಬಂಧನವೂ ಆಯಿತು. ಆದರೆ ನನ್ನನ್ನು ಕಾಡುವುದು ಬೇರೊಂದು ಸಂಗತಿ: ಆ ದೂರು ಮೊದಲು ದಾಖಲಾದದ್ದು ಕಲಬುರಗಿಯಲ್ಲಲ್ಲ, ಕೇರಳದ ಕೋಯಿಕ್ಕೋಡಿನಲ್ಲಿ, ಅದೂ ಜೂನ್ ತಿಂಗಳಲ್ಲಿ.

ಕರ್ನಾಟಕಕ್ಕೆ ಕಾನೂನಿನ ಕೊರತೆ ಇರಲಿಲ್ಲ. ಹೆಸರಿನಲ್ಲಿ 1983 ಎಂದಿದ್ದರೂ 1995ರಲ್ಲಿ ಜಾರಿಗೆ ಬಂದ ನಮ್ಮ ಶಿಕ್ಷಣ ಕಾಯ್ದೆ, ತಮಿಳುನಾಡಿಗಿಂತ ಮೊದಲೇ ರ‍್ಯಾಗಿಂಗನ್ನು ಅಪರಾಧವೆಂದು ಸಾರಿತ್ತು. ‘ತಮಾಷೆಗಾಗಿಯೇ ಆಗಲಿ’ ವಿದ್ಯಾರ್ಥಿಯ ಘನತೆಗೆ ಕುಂದು ತರುವ ಕೆಲಸವನ್ನು ಬೆದರಿಸಿ ಮಾಡಿಸಿದರೆ ಅದು ರ‍್ಯಾಗಿಂಗ್ ಎಂಬುದು ಅದರ ವ್ಯಾಖ್ಯೆಯ ತಿರುಳು. 116ನೇ ಪ್ರಕರಣದ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ‘ಸುಮ್ಮನೆ ತಮಾಷೆಗೆ ಸಾರ್’ ಎಂಬ ಉತ್ತರ ಮೂರು ದಶಕಗಳಿಂದಲೂ ಕಾನೂನಿನ ಮುಂದೆ ನಡೆಯುವಂಥದ್ದಲ್ಲ.

ಅಮನ್ ಸತ್ತ ವರ್ಷವೇ, 2009ರಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗ ನಿಯಮಾವಳಿ ತಂದಿತು. ಪ್ರವೇಶದ ಹೊತ್ತಿನಲ್ಲಿ ನೀವು ಮತ್ತು ನಿಮ್ಮ ತಂದೆತಾಯಿ ಸಹಿ ಹಾಕಿದ ಮುಚ್ಚಳಿಕೆ ಅದರಿಂದಲೇ ಬಂದದ್ದು. ಸಹಿ ಹಾಕಿದ ಎಷ್ಟು ಮಂದಿ ಅದನ್ನು ಓದಿದಿರೋ, ಕೇಳುವುದಿಲ್ಲ. ಅದರ ಹಿಂದಿನ ನಿಯಮಗಳಲ್ಲಿ ಚಿನ್ನದಂಥ ಅಂಶಗಳಿವೆ. ಮೊದಲ ಮೂರು ತಿಂಗಳು ಪ್ರತಿ ಹದಿನೈದು ದಿನಕ್ಕೊಮ್ಮೆ ಹೊಸಬರಿಂದ ಹೆಸರು ಬರೆಸದೆ ಅಭಿಪ್ರಾಯ ಪಡೆಯಬೇಕು. ಆರು ಮಂದಿ ಹೊಸಬರಿಗೆ ಒಬ್ಬ ಹಿರಿಯ ವಿದ್ಯಾರ್ಥಿ ಮಾರ್ಗದರ್ಶಿಯಾಗಬೇಕು, ಗ್ರೆಗೊರಿ ನೆನಪಾದನೇ? ಅಪರಾಧ ನಡೆದ ಮಾಹಿತಿ ಬಂದ ಇಪ್ಪತ್ನಾಲ್ಕು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರು ಪೊಲೀಸರಿಗೆ ದೂರು ಕೊಡಬೇಕು. ಕಾಲೇಜಿನ ಸಮಿತಿಯಲ್ಲಿ ಪೊಲೀಸರು, ಪೋಷಕರು, ಹೊಸ ವಿದ್ಯಾರ್ಥಿಗಳ ಜತೆ ಸ್ಥಳೀಯ ಪತ್ರಿಕೆಯವರಿಗೂ ಜಾಗವಿದೆ. ಆದರೂ ನಾವು ಫೋನ್ ಮಾಡಿದಾಗ ಸಾಮಾನ್ಯವಾಗಿ ಸಿಗುವ ಉತ್ತರ, ‘ನಮ್ಮಲ್ಲಿ ಅಂಥದ್ದೇನೂ ಇಲ್ಲ, ಕಾಲೇಜಿನ ಹೆಸರು ಹಾಕಬೇಡಿ’ ಎಂಬುದೇ. ಹೆಸರು ಕೆಡುವುದು ದೂರಿನಿಂದ ಅಲ್ಲ, ಮುಚ್ಚಿಟ್ಟದ್ದರಿಂದ. ಪ್ರಾಂಶುಪಾಲರು ಕ್ಷಮಿಸಬೇಕು.

ಈಗ ನಮ್ಮ ಉತ್ತರ ಬೆಂಗಳೂರಿಗೆ ಬರೋಣ. ಹಿಂದೆ ಹಳ್ಳಿಯ ಬಡ ಹುಡುಗ ಪೇಟೆಗೆ ಓದಲು ಬಂದರೆ ವಾರಾನ್ನ. ದಿನಕ್ಕೊಂದು ಮನೆಯ ಊಟ. ಅದರಲ್ಲಿ ಅವಮಾನವೂ ಇತ್ತು, ನಿಜ. ಆದರೆ ಮುಖ ಬಾಡಿದರೆ ‘ಯಾಕೋ ಮಗಾ’ ಎನ್ನುವ ಒಬ್ಬ ತಾಯಿಯೂ ಸಿಗುತ್ತಿದ್ದಳು. ಆಮೇಲೆ ಹಾಸ್ಟೆಲು, ವಾರ್ಡನ್ನರು ಬಂದರು. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದಿಂದಾಚೆ ಊರು ಬೆಳೆದ ಪರಿ ನಿಮಗೆ ಗೊತ್ತು. ಈಗ ಯಲಹಂಕದ ಗಲ್ಲಿಗಲ್ಲಿಯಲ್ಲಿ ಪಿ.ಜಿ.ಗಳು. ಮಾಲೀಕರಿಗೆ ಬಾಡಿಗೆ ಗೊತ್ತು, ಒಳಗೆ ರಾತ್ರಿ ಏನು ನಡೆಯುತ್ತದೆ ಎಂಬುದು ಗೊತ್ತಿರಬೇಕಿಲ್ಲ. ಒಂದೇ ಕೋಣೆಯಲ್ಲಿ ಹಳಬರಿಬ್ಬರು, ಹೊಸಬನೊಬ್ಬ. ‘ಕಾಲೇಜಿನ ಹೊರಗಿನದು ನಮಗೆ ಸಂಬಂಧವಿಲ್ಲ’ ಎನ್ನಲು ಬರುವುದಿಲ್ಲ. ನಿಯಮಾವಳಿ ಆವರಣದ ಹೊರಗಿನ ವಾಸಸ್ಥಳಕ್ಕೂ, ನೀವು ಓಡಾಡುವ ಬಸ್ಸಿಗೂ ಅನ್ವಯಿಸುತ್ತದೆ. ಖಾಸಗಿ ವಸತಿಗೃಹಗಳು ಕಾಲೇಜು ಮುಖ್ಯಸ್ಥರ ಶಿಫಾರಸಿನೊಡನೆ ಪೊಲೀಸರಲ್ಲಿ ನೋಂದಣಿಯಾಗಬೇಕು ಎಂದೂ ಅದರಲ್ಲಿದೆ. ಈ ಒಂದು ಮಾತನ್ನು ಪಾಲಿಸಿದರೆ ಅರ್ಧ ಕೆಲಸ ಆದಂತೆ ಎಂಬುದು ನನ್ನ ಅನಿಸಿಕೆ.

ಇನ್ನೊಂದು ಬಗೆಯ ಹಿಂಸೆಯಲ್ಲಿ ಏಟೇ ಬೀಳುವುದಿಲ್ಲ. ವಿಜಯಪುರದ ಹುಡುಗ ‘ಹೌದ್ರಿ’ ಎಂದ ಕೂಡಲೇ ತರಗತಿಯೆಲ್ಲ ‘ಹೌದ್ರಿ’ ಎಂದು ಅಣಕಿಸುತ್ತದೆ. ಒಂದು ದಿನ ನಗು, ಹತ್ತು ದಿನ ನಗು. ಹನ್ನೊಂದನೇ ದಿನ ಅವನು ಬಾಯಿ ಬಿಡುವುದಿಲ್ಲ. ಅನುಮಾನ ಬಂದರೂ ಪ್ರಶ್ನೆ ಕೇಳುವುದಿಲ್ಲ. ಮಣಿಪುರದ ಹುಡುಗಿಯ ಮುಖದ ಬಗ್ಗೆ, ಮೀಸಲು ಸೀಟಿನಲ್ಲಿ ಬಂದವನ ಅಂಕದ ಬಗ್ಗೆ ಆಡುವ ಮಾತುಗಳೂ ಹೀಗೆಯೇ. ಅವು ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿಯೆಲ್ಲ ಓಡಾಡುತ್ತವೆ. ಜಾತಿ, ಬಣ್ಣ, ಭಾಷೆ, ಹುಟ್ಟೂರಿನ ಕಾರಣಕ್ಕೆ ನೀಡುವ ದೈಹಿಕ, ಮಾನಸಿಕ ಕಿರುಕುಳವೂ ರ‍್ಯಾಗಿಂಗೇ ಎಂದು 2016ರ ತಿದ್ದುಪಡಿ ಸೇರಿಸಿದೆ.

ಅನುಭವಿಸಿದವರು ಮಾಡಬೇಕಾದದ್ದು ಹೆಚ್ಚಿಲ್ಲ. ದಿನ, ಗಂಟೆ, ಜಾಗ, ನೋಡಿದವರು ಯಾರು, ಇಷ್ಟನ್ನು ಅಂದೇ ಬರೆದಿಡಿ. ಬಂದ ಸಂದೇಶವನ್ನು ಅಳಿಸಬೇಡಿ. ಮನೆಗೆ ಹೇಳಿ, ಅಪ್ಪ ಬಯ್ಯಬಹುದು, ಆದರೂ ಹೇಳಿ. ಸಹಾಯವಾಣಿ 1800-180-5522. ಕಾಲೇಜಿನವರು ‘ರಾಜಿ ಮಾಡಿಕೊಳ್ಳಿ’ ಎಂದರೆ ಒಪ್ಪಲೇಬೇಕೆಂಬ ಕಟ್ಟುಪಾಡಿಲ್ಲ. ನೋಡಿಯೂ ಸುಮ್ಮನಿರುವವರಿಗೆ ಒಂದು ಮಾತು: ತಪ್ಪು ಮಾಡಿದವರು ಯಾರೆಂದು ಗೊತ್ತಾಗದಿದ್ದರೆ ಸಾಮೂಹಿಕ ಶಿಕ್ಷೆಗೂ ಅವಕಾಶವಿದೆ. ಅದು ಅಷ್ಟೇನೂ ನ್ಯಾಯವಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ನಿಯಮ ಇದೆ.

ನನ್ನ ಮಾತು ಇಷ್ಟೇ. ಇನ್ನು ನೀವು ಕೇಳಬಹುದು. ಎಲ್ಲರೆದುರು ಎದ್ದು ನಿಲ್ಲಲು ಸಂಕೋಚವಿದ್ದವರು ಚೀಟಿಯಲ್ಲಿ ಬರೆದು ಕಳಿಸಿ. ಹೆಸರು ಬೇಡ.