ಗುಡಿಯ ಕಲ್ಲನ್ನು ತಿನ್ನುವವರು ಯಾರು?

ಕುರ್ತಕೋಟಿಯ ಮಕ್ಕಳೇ, ಗದಗಿಗೆ ಹೋಗಿ ಕೊಪ್ಪಳದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಲಕ್ಕುಂಡಿ ಬರುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ ಅಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಊರಿನಲ್ಲಿ ಹಳೆಯ ಗುಡಿಗಳು ಇನ್ನೂ ಎಷ್ಟೋ ಇವೆ. ಕೆಲವು ಗಟ್ಟಿಯಾಗಿವೆ, ಕೆಲವು ಹಾಳುಬಿದ್ದಿವೆ.

ಗುಡಿ ಬೀಳಲು ಒಂದು ಹಕ್ಕಿಯೂ ಸಾಕು. ಅರಳಿಹಣ್ಣು ತಿಂದ ಹಕ್ಕಿ ಶಿಖರದ ಮೇಲೆ ಹಿಕ್ಕೆ ಹಾಕುತ್ತದೆ. ಅದರಲ್ಲಿದ್ದ ಬೀಜ ಸಂದಿಯಲ್ಲಿ ಮೊಳೆಯುತ್ತದೆ. ಈ ಗುಡಿಗಳ ಕಲ್ಲುಗಳನ್ನು ಗಾರೆಯಿಂದ ಅಂಟಿಸಿಲ್ಲ. ತಮ್ಮ ಭಾರದಿಂದ, ಒಂದಕ್ಕೊಂದು ಕೂಡಿಸಿದ ಬೆಸುಗೆಯಿಂದ ಅವು ನಿಂತಿವೆ. ನೂಲಿನಷ್ಟು ತೆಳ್ಳಗೆ ಒಳಹೊಕ್ಕ ಬೇರು ವರ್ಷ ವರ್ಷ ದಪ್ಪವಾಗುತ್ತ ಅವನ್ನು ದೂಡುತ್ತದೆ. ಗಿಡ ಸಣ್ಣದಿದ್ದಾಗಲೇ ತೆಗೆಯಬೇಕು. ಬೇರು ಬಲಿತ ಮೇಲೆ ಜಗ್ಗಿದರೆ ಕಲ್ಲೂ ಜೊತೆಗೆ ಬರುತ್ತದೆ.

ಇನ್ನೊಬ್ಬರು ಬಹಳ ನಿಧಾನ. ಅಮ್ಮ ಮಸಾಲೆಗೆ ಹಾಕುವ ಕಲ್ಲುಹೂವು ಗೊತ್ತಲ್ಲ? ಅದರ ಬಳಗದವರು ಗುಡಿಯ ಗೋಡೆಗೂ ಬೂದು, ಹಳದಿ ಮಚ್ಚೆಗಳಾಗಿ ಅಂಟಿಕೊಳ್ಳುತ್ತಾರೆ. ಇದು ಹೂವಲ್ಲ, ಒಂದೇ ಜೀವಿಯೂ ಅಲ್ಲ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ, ಶಿಲೀಂಧ್ರ ನೀರು ಹಿಡಿದಿಟ್ಟು ಅದಕ್ಕೆ ಆಸರೆ ಕೊಡುತ್ತದೆ. ಇಬ್ಬರ ಈ ಕೂಡುಸಂಸಾರ ಎಷ್ಟು ಚೆಂದ ನೋಡಿ! ಆದರೆ ಅದು ಸುರಿಸುವ ಆಮ್ಲ ಕಲ್ಲಿನ ಖನಿಜಗಳನ್ನು ಕರಗಿಸುತ್ತದೆ. ಲಕ್ಕುಂಡಿಯದೋ ಬಳಪದ ಕಲ್ಲಿನ ಜಾತಿಯ ಮೆತ್ತನೆಯ ಕಲ್ಲು. ಮೆತ್ತಗಿದ್ದುದರಿಂದಲೇ ಶಿಲ್ಪಿಗಳು ಅದರಲ್ಲಿ ಅಷ್ಟು ನವಿರಾದ ಬಳ್ಳಿ, ಮಣಿಸರಗಳನ್ನು ಕೆತ್ತಿದರು.

ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಸೂರು ಹಾರಿಹೋದ ಹಳೆಯ ಪುಟ್ಟ ಇಗರ್ಜಿಗಳ ಗೋಡೆಗಳ ಮೇಲೂ ಕಲ್ಲುಹೂವು ದಟ್ಟವಾಗಿ ಬೆಳೆಯುತ್ತದೆ. ಅಲ್ಲಿ ಮಳೆ, ಕಡಲಗಾಳಿ ಎರಡೂ ಹೆಚ್ಚು. ಕಲ್ಲಿಗೆ ಅಂಟಿಕೊಂಡ ಕೆಲವು ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹರಡುವುದಿಲ್ಲ. ಹಾಗಾಗಿ ಮಚ್ಚೆಯ ಅಗಲ ಅಳೆದು, ಕಲ್ಲು ಎಷ್ಟು ಕಾಲದಿಂದ ಬಯಲಿಗೆ ಬಿದ್ದಿದೆ ಎಂದು ಅಂದಾಜು ಮಾಡಬಹುದೆಂದು ಆಸ್ಟ್ರಿಯಾದ ಸಸ್ಯವಿಜ್ಞಾನಿ ರೋಲಾಂಡ್ ಬೆಶೆಲ್ 1950ರಲ್ಲಿ ತೋರಿಸಿಕೊಟ್ಟರು.

ಲಕ್ಕುಂಡಿಗೆ ಹೋದಾಗ ಮಚ್ಚೆಗಳನ್ನು ಉಗುರಿನಿಂದ ಕೆರೆಯಬೇಡಿ, ಕೆತ್ತನೆಯ ಪುಡಿಯೂ ಉದುರೀತು. ಭೂತಕನ್ನಡಿ ಒಯ್ಯಿರಿ. ಮಳೆ ಬಂದು ನಿಂತ ಮೇಲೆ ನೋಡಿದರೆ ಇನ್ನೂ ಒಳ್ಳೆಯದು: ನೀರು ಕುಡಿದ ಮೇಲ್ಪದರ ಪಾರದರ್ಶಕವಾಗಿ, ಬೂದು ಮಚ್ಚೆಯೊಳಗಿನ ಪಾಚಿ ಹಸಿರಾಗಿ ಕಾಣುತ್ತದೆ.