ಅಂಕಪಟ್ಟಿಯ ಆಚೆಗಿನ ವಿಜ್ಞಾನ
(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ನೀಡಿದ ಉಪನ್ಯಾಸ)



ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೆ 4 ರೂಪಣಾತ್ಮಕ, 2 ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಶಾಲೆಗೆ ಭೇಟಿಯಿತ್ತಾಗ ನಾವು ವಿಚಾರಿಸುವುದು ಶ್ರೇಣಿಯನ್ನು ಮಾತ್ರ. ಮಗು ಬರೆದುದಕ್ಕೆ ಶ್ರೇಣಿ ಸಾಕ್ಷಿ, ತಿಳಿದುದಕ್ಕೆ ಅಲ್ಲ.

7ನೆಯ ತರಗತಿಯ ಆಮ್ಲ, ಪ್ರತ್ಯಾಮ್ಲಗಳ ಪಾಠವನ್ನೇ ನೋಡೋಣ. ‘ಪ್ರತ್ಯಾಮ್ಲ ಎಂದರೇನು?’ ಎಂಬುದಕ್ಕೆ ಕಂಠಪಾಠದ ಉತ್ತರ ಸಾಕು. ಆರತಿಯ ನೀರಿಗೆ ಅರಿಶಿನದೊಡನೆ ಸುಣ್ಣ ಕಲಸಿದರೆ ಕೆಂಪಾಗುವುದೇಕೆ, ಅದಕ್ಕೆ ನಿಂಬೆರಸ ಹಿಂಡುತ್ತ ಹೋದರೆ ಏನಾಗುವುದು ಎಂದು ಕೇಳಿದರೆ? ಮಗು ಮೊದಲು ಊಹಿಸಲಿ, ಬಳಿಕ ಮಾಡಿ ನೋಡಲಿ, ಹಳದಿ ಮರಳಿದುದಕ್ಕೆ ಕಾರಣ ಹೇಳಲಿ. (ಅಡಿಕೆಯ ಸೀಮೆಯಲ್ಲಿ ಸುಣ್ಣಕ್ಕೆ ಬರವಿಲ್ಲವಷ್ಟೆ!) ಊಹೆ ತಪ್ಪಿದರೂ ಕಾರಣವನ್ನು ಸರಿಯಾಗಿ ಅರಸಿದ ಮಗುವನ್ನು ಬರಿಯ ಲಿಖಿತ ಪರೀಕ್ಷೆ ಗುರುತಿಸಲಾರದು. ಅಂತಹ ಮಕ್ಕಳೇ ಪ್ರೌಢಶಾಲೆಯಲ್ಲಿ ‘ವಿಜ್ಞಾನ ನಮಗಲ್ಲ’ ಎಂದು ಹಿಂದೆ ಸರಿಯುತ್ತಾರೆ.

ಜಲಜೀವನ್ ಮಿಷನ್ ಅಡಿಯಲ್ಲಿ ಒದಗಿಸಲಾದ ನೀರು ಪರೀಕ್ಷಾ ಕಿಟ್ಟುಗಳು ಕಪಾಟಿನಲ್ಲಿರುವುದಕ್ಕಿಂತ ಶಿಕ್ಷಕರ ಮೇಲ್ವಿಚಾರಣೆಯಲ್ಲಿ 8ನೆಯ ತರಗತಿಯವರ ಕೈಗೆ ಬರಲಿ. ತಮ್ಮೂರಿನ ಕೊಳವೆಬಾವಿಯ, ಕುಮುದ್ವತಿಯ, ದಂಡಾವತಿಯ ನೀರನ್ನು ಪರೀಕ್ಷಿಸಿ ಮಕ್ಕಳ ಗ್ರಾಮ ಸಭೆಯಲ್ಲಿ ವಿವರಿಸಲಿ. ಅಂಕ ನೀಡುವುದು ಶಿಕ್ಷಕರ ಅಧಿಕಾರ. ಅದರಲ್ಲಿ ನಾವು ಕೈಯಾಡಿಸತಕ್ಕದ್ದಲ್ಲ. ಸಾಮಗ್ರಿ ಒದಗಿಸಿ, ಮಕ್ಕಳು ಹೇಳುವುದನ್ನು ಕುಳಿತು ಕೇಳುವುದು ನಮ್ಮ ಕೆಲಸ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಕೋರುತ್ತೇನೆ.